ಸ್ಲೈಡರ್ ಆಮೆ ಕಣ್ಣು ಬಿಡುತ್ತಿಲ್ಲ, ಊಟ ಬಿಟ್ಟಿದೆ. ಅರ್ಜೆಂಟ್!

ಹಸಿರುಚಿಪ್ಪು: ನಮ್ಮ ರೆಡ್ ಇಯರ್ಡ್ ಸ್ಲೈಡರ್ ಅಂಗೈಗಿಂತ ದೊಡ್ಡದಿದೆ. ಎರಡೂ ಕಣ್ಣು ಊದಿ ಮುಚ್ಚಿಕೊಂಡಿವೆ. ಚಿಪ್ಪಿನ ಹಿಂದಿನ ಅಂಚು ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆ. ಫಿಲ್ಟರ್ ಇದೆ, ಲೈಟ್ ಇದೆ, ಎಲ್ಲಾ ಸರಿ ಇದೆ. ಇನ್ನೇನು ಮಾಡಲಿ? ತಲೆ ಕೆಟ್ಟುಹೋಗಿದೆ.

ಕ್ಯಾನಿಸ್ಟರ್‌ಬಸು: ಕಣ್ಣು ಊದಿದೆ ಅಂದರೆ ನೀರಿನದೇ ತೊಂದರೆ. ಗಲೀಜಿನಿಂದ ನೀರಲ್ಲಿ ಸೇರೋ ವಿಷ, ಅಮೋನಿಯ, ಟೆಸ್ಟ್ ಮಾಡಿದ್ರಾ?

ಹಸಿರುಚಿಪ್ಪು: ಮಾಡಿದೆ. ಸೊನ್ನೆ.

ಕ್ಯಾನಿಸ್ಟರ್‌ಬಸು: ಕಿಟ್ ಹಳೆಯದಿರಬೇಕು. ಆಮೆ ಮೀನಿಗಿಂತ ಜಾಸ್ತಿ ಗಲೀಜು ಮಾಡುತ್ತದೆ. ನಾನು ಒಂದೇ ಟ್ಯಾಂಕಿಗೆ ಎರಡು ಕ್ಯಾನಿಸ್ಟರ್ ಫಿಲ್ಟರ್ ಹಾಕಿದ್ದೇನೆ, ತಳದ ಕಲ್ಲು ಎಣಿಸಬಹುದು.

ಕೆರೆಯಂಚು: ಬಸು ಸರ್, ಅಮೋನಿಯಕ್ಕೆ ಚಿಪ್ಪು ಮೆತ್ತಗಾಗುವುದಿಲ್ಲ. ಲೈಟ್ ಯಾವುದು, ಎಲ್ಲಿಟ್ಟಿದ್ದೀರಿ? ತಿನ್ನೋದಕ್ಕೆ ಏನು ಕೊಡ್ತೀರಿ?

ಹಸಿರುಚಿಪ್ಪು: ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಲೈಟೇ, ಇಡೀ ದಿನ ಉರಿಯುತ್ತದೆ. ಒಣ ಸೀಗಡಿ ಬಿಟ್ಟು ಬೇರೇನೂ ಮುಟ್ಟಲ್ಲ.

ಮಳೆಗಾಲ: ಇಷ್ಟು ಕಷ್ಟ ಯಾಕೆ? ಕೆರೆಗೆ ಬಿಟ್ಟುಬಿಡಿ, ಬದುಕಿಕೊಳ್ಳುತ್ತದೆ.

ಕೆರೆಯಂಚು: ದಯವಿಟ್ಟು ಬೇಡ! ಇದು ಅಮೆರಿಕದ ಆಮೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಕೆರೆಯ ಆಮೆಗಳ ಜಾಗಕ್ಕೇ ಕುತ್ತು.

ಟೆನ್ನೆಸ್ಸೀಕನ್ನಡಿಗ: ಗಟ್ಟಿ ಜೀವ ರೀ, ಹೆದರಬೇಡಿ. ಇಲ್ಲಿ ಅಮೆರಿಕದ ಟೆನ್ನೆಸ್ಸೀಯ ಗ್ರೇ ಎಂಬಲ್ಲಿ ಇದೇ ಟ್ರಾಕೆಮಿಸ್ ಕುಲದ ಪಳೆಯುಳಿಕೆ ಸಿಕ್ಕಿದೆ, ಸುಮಾರು 50 ಲಕ್ಷ ವರ್ಷ ಹಳೆಯದು. 2018ರಲ್ಲಿ ಹೊಸ ಪ್ರಭೇದ ಅಂತ ಹೆಸರಿಟ್ಟರು. ನಮ್ಮ ಹಿತ್ತಲ ಕೊಳದಲ್ಲಿ ಇದೇ ಕುಲದ ಆಮೆ ದಿಮ್ಮಿ ಹತ್ತಿ ಮಧ್ಯಾಹ್ನವೆಲ್ಲ ಮಲಗಿರುತ್ತದೆ. ಫೋಟೋ ಹಾಕಲಾ?

ಕೆರೆಯಂಚು: ಆ ದಿಮ್ಮಿಯ ಮೇಲೆ ಬಿಸಿಲಿದೆ ಅಲ್ವಾ, ಇವರ ಟ್ಯಾಂಕಿನಲ್ಲಿ ಅದೇ ಇಲ್ಲ ಅಂತ ನನ್ನ ಅನುಮಾನ. ಹಸಿರುಚಿಪ್ಪು, ಲೈಟ್ ಎಲ್ಲಿದೆ?

ಹಸಿರುಚಿಪ್ಪು: ಗಾಜಿನ ಮುಚ್ಚಳದ ಮೇಲೆ. ಅಂಗಡಿಯವರೇ ಹಾಗೆ ಇಟ್ಟುಕೊಟ್ಟರು.

ಕೆರೆಯಂಚು: ಸಿಕ್ಕಿತು. ಗಾಜು ಯುವಿಬಿಯನ್ನು ತಡೆಯುತ್ತದೆ. ಕೆಳಗೆ ಬರೋದು ಸುಮ್ನೆ ಬೆಳಕು. ಯುವಿಬಿ ಇಲ್ಲದೆ ವಿಟಮಿನ್ ಡಿ3 ಇಲ್ಲ, ಡಿ3 ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ಚಿಪ್ಪು ಮೆತ್ತಗಾಗೋದು ಅದಕ್ಕೇ. ಕಣ್ಣಿನ ಊತಕ್ಕೆ ಬರೀ ಸೀಗಡಿಯಿಂದಾದ ವಿಟಮಿನ್ ಎ ಕೊರತೆ ಕಾರಣ ಇರಬಹುದು. ಮುಚ್ಚಳ ತೆಗೆಯಿರಿ. ನೀರಿನ ಹೊರಗೆ ಒಣಗಲು ಕಲ್ಲಿಡಿ, ಅಲ್ಲಿ 32 ಡಿಗ್ರಿ ಶಾಖ ಇರಲಿ. ಬಲ್ಬಿಗೆ ವರ್ಷವಾಗಿದ್ದರೆ ಬದಲಿಸಿ, ಉರಿಯುತ್ತಿದ್ದರೂ ಯುವಿಬಿ ಸತ್ತಿರಬಹುದು. ವಿಟಮಿನ್ ಹನಿ ನೀವೇ ಹಾಕಬೇಡಿ, ಜಾಸ್ತಿಯಾದರೆ ಅಪಾಯ. ಆಮೆ ನೋಡುವ ಪಶುವೈದ್ಯರಿಗೆ ಇವತ್ತೇ ತೋರಿಸಿ.

ಹಸಿರುಚಿಪ್ಪು: ಮುಚ್ಚಳ ತೆಗೆದೆ. ಸಂಜೆ ಡಾಕ್ಟರ್ ಹತ್ತಿರ ಹೋಗ್ತಿದ್ದೇವೆ.

ಕ್ಯಾನಿಸ್ಟರ್‌ಬಸು: ಹಾಗೇ ಒಂದು ಬಾಟಲಿ ನೀರೂ ತಗೊಂಡು ಹೋಗಿ. ಫಿಲ್ಟರ್ ಯಾವುದು ಅಂತ ಇನ್ನೂ ಹೇಳಲಿಲ್ಲ.