ಯೆಜ್ಡಿ ರೋಡ್‌ಕಿಂಗ್: ಫುಲ್ ಥ್ರಾಟಲ್‌ನಲ್ಲಿ 40 ಸೆಕೆಂಡಿಗೆ ಆಫ್, ಒಂದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್

ಸವಳು_ಸವಾರ (ಸಿಂಧನೂರು)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಸ್ವಲ್ಪ ನೋಡಿ ಹೇಳಿ.

ಉಪ್ಪಿನ ಕೆರೆ ಮೇಲೆ ಬೈಕ್ ಓಡಿಸೋ ವಿಡಿಯೊ ನೋಡಿ ನೋಡಿ ಹುಚ್ಚು ಹಿಡಿದು ಎರಡು ವರ್ಷ ಆಯ್ತು. ಅಮೆರಿಕದ ಬೊನೆವಿಲ್‌ಗೆ ಹೋಗೋದು ನಮ್ಮ ಕೈಲಿ ಆಗೋದಲ್ಲ. ಆದರೆ ಸೋದರಮಾವನ ಹೊಲ ಕಾಲುವೆ ನೀರು ಜಾಸ್ತಿಯಾಗಿ ಸವಳು ಹಿಡಿದು ಬಿದ್ದಿದೆ. ಬೇಸಿಗೆ ಬಂದರೆ ನೆಲದ ಮೇಲೆ ಬೆಳ್ಳಗೆ ಉಪ್ಪು ಏಳುತ್ತೆ. ಪಕ್ಕದವರದ್ದೂ ಅದೇ ಪಾಡು. ಅವರನ್ನ ಕೇಳಿ, ಬದು ಸವರಿ, ಎಲ್ಲಾ ಸೇರಿ ನೇರಕ್ಕೆ 1.4 ಕಿ.ಮೀ. ಸಿಕ್ಕಿದೆ. "ಭತ್ತ ಬೆಳೆಯೋ ಹೊಲದಾಗ ಹೊಗೆ ಬೆಳೀತಿಯೇನಲೇ" ಅಂತ ಮಾವ ಬೈತಾನೆ. ರೋಲರ್ ಹೊಡೆಸಿಕೊಟ್ಟವನೂ ಅವನೇ.

ಈಗ ತೊಂದರೆ. ನಾಲ್ಕನೇ ಗೇರಿನಲ್ಲಿ ಪೂರ್ತಿ ತಿರುಗಿಸಿ ಹಿಡಿದರೆ ಮೊಬೈಲ್ ಜಿಪಿಎಸ್‌ನಲ್ಲಿ 104 ಬರುತ್ತೆ. ಶುರುವಾಗಿ ಸುಮಾರು 40 ಸೆಕೆಂಡಿಗೆ ಸದ್ದು ತೆಳ್ಳಗಾಗುತ್ತೆ, ಎರಡು ಸಲ ಮುಗ್ಗರಿಸುತ್ತೆ, ಆಫ್. ಒಂದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದವರ ಹಾಗೆ ಸ್ಟಾರ್ಟ್. ಮಸ್ಕಿ ರೋಡಿನಲ್ಲಿ 60ರಲ್ಲಿ ದಿನವಿಡೀ ಓಡಿಸಿದರೂ ಒಂದು ಸಲವೂ ನಿಂತಿಲ್ಲ.

ಇಲ್ಲಿವರೆಗೆ ಮಾಡಿದ್ದು: ಹೊಸ ಪ್ಲಗ್, ಹೊಸ ಕಂಡೆನ್ಸರ್, ಕಾರ್ಬ್ (ಕಾರ್ಬ್ಯುರೇಟರ್) ಕ್ಲೀನ್. ಟ್ಯಾಂಕ್ ಕ್ಯಾಪ್ ಹತ್ತಿರ ಪೆಟ್ರೋಲ್ ಸೋರುತ್ತಿತ್ತು, ಮೆಕ್ಯಾನಿಕ್ ಹೊಸ ವಾಷರ್ ಹಾಕಿದ, ಅದು ನಿಂತಿದೆ. ಬೊನೆವಿಲ್‌ನವರು ಹೇಳಿದ ಹಾಗೆ ಮೇನ್ ಜೆಟ್ (ಕಾರ್ಬ್ ಒಳಗೆ ಪೆಟ್ರೋಲ್ ಅಳೆದು ಬಿಡೋ ತೂತು) ಒಂದು ಸೈಜ್ ಇಳಿಸಿದ್ದೀನಿ.

ಗಣಿಧೂಳು (ಬಳ್ಳಾರಿ)

ಕಾಯಿಲ್ ಬ್ರೋ. ಬಿಸಿಯಾದರೆ ಪ್ಲಗ್‌ಗೆ ಸ್ಪಾರ್ಕ್ ಕೊಡೋದು ನಿಲ್ಲಿಸುತ್ತೆ, ತಣ್ಣಗಾದರೆ ಮತ್ತೆ ಕೊಡುತ್ತೆ. ನಮ್ಮ ಕಡೆ ಬಿಸಿಲಿಗೆ ಮನುಷ್ಯರೇ ಆಫ್ ಆಗ್ತಾರೆ, ಕಾಯಿಲ್ ಯಾವ ಲೆಕ್ಕ? ಬದಲಾಯಿಸಿ ನೋಡು.

ಕಾರ್ಬ್_ಕಾಕಾ (ಗಂಗಾವತಿ)

ತಮ್ಮಾ, ಕಾಯಿಲ್ ಆಮೇಲೆ. ಮೊದಲು ಹಳೇ ಜೆಟ್ ವಾಪಸ್ ಹಾಕು, ಅಲ್ಲಿವರೆಗೆ ಗಾಡಿ ಮುಟ್ಟಬೇಡ.

ಬೊನೆವಿಲ್ ಸಮುದ್ರ ಮಟ್ಟಕ್ಕಿಂತ ಸುಮಾರು 1,280 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಪೆಟ್ರೋಲೂ ಕಮ್ಮಿ ಸಾಕು, ಅದಕ್ಕೆ ಅವರು ಜೆಟ್ ಇಳಿಸ್ತಾರೆ. ನಮ್ಮ ಬಯಲುಸೀಮೆ ಅಷ್ಟು ಎತ್ತರ ಎಲ್ಲಿದೆ? ಇಲ್ಲಿ ಇಳಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತೆ. ಯೆಜ್ಡಿಯಲ್ಲಿ ಆಯಿಲ್ ಇರೋದೇ ಪೆಟ್ರೋಲಿನೊಳಗೆ. ಹಾಗಾಗಿ ಆಯಿಲೂ ಕಡಿಮೆ. ಬಿಸಿ ಜಾಸ್ತಿ, ಎಣ್ಣೆ ಕಡಿಮೆ ಅಂದರೆ ಪಿಸ್ಟನ್ ಜಾಮ್. ನ್ಯೂಜಿಲೆಂಡಿನ ಬರ್ಟ್ ಮನ್ರೊ ಗೊತ್ತಲ್ಲ? 1920ರ ಇಂಡಿಯನ್ ಸ್ಕೌಟ್ ಬೈಕನ್ನ 1967ರಲ್ಲಿ ಬೊನೆವಿಲ್ ಉಪ್ಪಿನ ಮೇಲೆ ಗಂಟೆಗೆ ಸುಮಾರು 295 ಕಿ.ಮೀ. ಓಡಿಸಿದವನು. ಪಿಸ್ಟನ್ ತಾನೇ ಎರಕ ಹೊಯ್ದುಕೊಳ್ತಿದ್ದ. ಮುರಿದು ಹೋದ ಭಾಗಗಳನ್ನೆಲ್ಲ ವೇಗದ ದೇವರಿಗೆ ನೈವೇದ್ಯ ಅಂತ ಬರೆದು ಕಪಾಟಿನಲ್ಲಿ ಜೋಡಿಸಿಟ್ಟಿದ್ದ. ನೀನು ಆ ಕಪಾಟು ಶುರು ಮಾಡಬೇಡ.

ಎರಡು ಪ್ರಶ್ನೆ. ಬೆಳಗ್ಗೆ ಜಾಸ್ತಿ ಆಗುತ್ತಾ, ಮಧ್ಯಾಹ್ನನಾ? ಟ್ಯಾಂಕ್ ತುಂಬಿದ್ದಾಗ ಬೇಗ ನಿಲ್ಲುತ್ತಾ, ಖಾಲಿ ಇದ್ದಾಗಲಾ?

ಸವಳು_ಸವಾರ

ಜೆಟ್ ವಾಪಸ್ ಹಾಕಿದೆ ಕಾಕಾ. ಇನ್ನೂ ನಿಲ್ಲುತ್ತೆ.

ವಿಚಿತ್ರ ಅಂದರೆ ಬೆಳಗ್ಗೆ ಏಳಕ್ಕೇ ಜಾಸ್ತಿ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಓಡಿಸಿದರೆ ಕೆಲವು ಸಲ ಕೊನೆವರೆಗೂ ಹೋಗುತ್ತೆ. ಟ್ಯಾಂಕ್ ಫುಲ್ ಮಾಡಿದ ದಿನ ಇನ್ನೂ ಬೇಗ ನಿಂತಿತ್ತು. ಕಾಕತಾಳೀಯ ಅಂದುಕೊಂಡಿದ್ದೆ.

ಕಾರ್ಬ್_ಕಾಕಾ

ಕಾಕತಾಳೀಯ ಅಲ್ಲ, ನಿನ್ನ ಮೆಕ್ಯಾನಿಕ್ ಹಾಕಿದ ವಾಷರ್. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದಾನಾ ನೋಡು.

ಕ್ಯಾಪಿನಲ್ಲಿ ಸಣ್ಣ ಗಾಳಿ ತೂತು ಇರುತ್ತೆ. ಪೆಟ್ರೋಲ್ ಕೆಳಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಅದು ಮುಚ್ಚಿದರೆ ಟ್ಯಾಂಕ್ ಒಳಗೆ ಎಳೆತ ಹುಟ್ಟಿ ಪೆಟ್ರೋಲ್ ಇಳಿಯಲ್ಲ. ಟ್ಯಾಂಕ್ ಫುಲ್ ಇದ್ದರೆ ಮೇಲೆ ಇರೋ ಗಾಳಿಯೇ ಸ್ವಲ್ಪ, ಎಳೆತ ಬೇಗ ಬರುತ್ತೆ. ಬಿಸಿಲಿಗೆ ನಿಲ್ಲಿಸಿದರೆ ಪೆಟ್ರೋಲ್ ಆವಿಯೇ ಒಳಗಿಂದ ಒತ್ತಿ ನಿನ್ನನ್ನ ಕಾಪಾಡುತ್ತೆ. ಕಾಯಿಲ್ ಕೆಟ್ಟಿದ್ದರೆ ಇದೆಲ್ಲ ಉಲ್ಟಾ ಆಗಬೇಕಿತ್ತು. ರೋಡಿನಲ್ಲಿ 60ಕ್ಕೆ ಪೆಟ್ರೋಲ್ ಕಮ್ಮಿ ಸಾಕು, ಸಂದಿಯಲ್ಲಿ ಬರೋ ಗಾಳಿಯಲ್ಲೇ ನಡೆದು ಹೋಗುತ್ತೆ.

ನನ್ನ ಮಾತು ನಂಬಬೇಡ, ಅಳೆದು ನೋಡು. ಇಂಜಿನ್ ತಣ್ಣಗಿರಲಿ, ಬಯಲಲ್ಲಿ ಮಾಡು, ಹತ್ತಿರ ಯಾರೂ ಬೀಡಿ ಹಚ್ಚಬಾರದು. ಟ್ಯಾಂಕ್ ಫುಲ್ ಮಾಡು. ಕಾರ್ಬ್‌ನಿಂದ ಪೈಪ್ ಬಿಚ್ಚಿ 180 ಎಂಎಲ್ ಕ್ವಾರ್ಟರ್ ಬಾಟ್ಲಿಗೆ ಬಿಡು. ಈ ಇಂಜಿನ್ ಫುಲ್ ಥ್ರಾಟಲ್‌ನಲ್ಲಿ ಸೆಕೆಂಡಿಗೆ ಸುಮಾರು 2 ಎಂಎಲ್ ಕುಡಿಯುತ್ತೆ ಅಂತ ನನ್ನ ಲೆಕ್ಕ. ಅಂದರೆ ಒಂದೂವರೆ ನಿಮಿಷದೊಳಗೆ ಬಾಟ್ಲಿ ತುಂಬಲೇಬೇಕು. ಒಂದು ಸಲ ಕ್ಯಾಪ್ ತೆಗೆದು, ಒಂದು ಸಲ ಹಾಕಿ.

ಸವಳು_ಸವಾರ

ಕಾಕಾ, ಕಾಲಿಗೆ ಬಿದ್ದೆ.

ಕ್ಯಾಪ್ ತೆಗೆದಾಗ 50 ಸೆಕೆಂಡಿಗೆ ತುಂಬಿತು. ಹಾಕಿದಾಗ ಮೊದಲು ಧಾರೆ ಚೆನ್ನಾಗೇ ಬಂತು. ಬಾಟ್ಲಿ ಮೂರರಲ್ಲಿ ಒಂದು ಭಾಗ ತುಂಬುವ ಹೊತ್ತಿಗೆ ದಾರದಷ್ಟಾಯ್ತು, ಆಮೇಲೆ ತೊಟ್ಟು ತೊಟ್ಟು. ಮಾವ ಬಗ್ಗಿ ನೋಡ್ತಿದ್ದವನು ಕ್ಯಾಪ್ ತಿರುಗಿಸಿದ. ಸುಂಯ್ ಅಂತ ಗಾಳಿ ಎಳೆದುಕೊಂಡು ಧಾರೆ ಮತ್ತೆ ಶುರು! ವಾಷರ್ ಸೈಕಲ್ ಟ್ಯೂಬೇ. ಪೆಟ್ರೋಲ್ ಕುಡಿದು ಉಬ್ಬಿ ತೂತಿನ ಮೇಲೆ ಕೂತಿತ್ತು. ಸರಿಯಾದ ವಾಷರ್ ಹಾಕಿಸಿ ಇವತ್ತು ಬೆಳಗ್ಗೆ ಮೂರು ಸಲ ಪೂರ್ತಿ ಓಡಿಸಿದೆ. ನಿಲ್ಲಲಿಲ್ಲ. 109.

ಗಣಿಧೂಳು

ನಾನು ಕಾಯಿಲ್ ಅಂದಿದ್ದನ್ನ ಎಲ್ಲರೂ ಮರೆತುಬಿಡಿ. 109 ಒಂದೇ ಕಡೆಗಾ? ಗಾಳಿ ಬೆನ್ನಿಗಿದ್ದರೆ ಅದು ಲೆಕ್ಕಕ್ಕಿಲ್ಲ. ವಿಶ್ವ ದಾಖಲೆಗೂ ಎರಡು ಗಂಟೆಯೊಳಗೆ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೀತಾರೆ.

ಸವಳು_ಸವಾರ

ವಾಪಸ್ ಬರುವಾಗ 101. ಸರಾಸರಿ 105 ಅಂತ ಬರ್ಕೊಳ್ತೀನಿ ಬಿಡು.

ಕಾರ್ಬ್_ಕಾಕಾ

ಖುಷಿ ಆಯ್ತು. ಆದರೆ ಇಷ್ಟು ದಿನ ಪೆಟ್ರೋಲ್ ಸಾಲದೆ ಓಡಿದೆ, ಮುಂದಿನ ಓಟಕ್ಕೆ ಮುಂಚೆ ಸಿಲಿಂಡರ್ ಬಿಚ್ಚಿ ಪಿಸ್ಟನ್ ನೋಡು. ಸೈಲೆನ್ಸರ್ ಕಡೆ ಉದ್ದುದ್ದ ಗೆರೆ ಇದ್ದರೆ, ರಿಂಗ್ ಅಲ್ಲಾಡದೆ ಹಿಡಿದಿದ್ದರೆ ಫೋಟೊ ಹಾಕು. ಓಡಿಸುವಾಗ ಎಡಗೈ ಎರಡು ಬೆರಳು ಕ್ಲಚ್ ಮೇಲೇ ಇರಲಿ, ಜಾಮ್ ಆದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತೆ. ಮತ್ತೆ ಪ್ರತಿ ಸಲ ಮನೆಗೆ ಬಂದ ತಕ್ಷಣ ಸಿಹಿನೀರಲ್ಲಿ ತೊಳಿ. ಬೋರಿನ ಉಪ್ಪುನೀರಲ್ಲಿ ಬೇಡ.

ಸವಳು_ಸವಾರ

ಬಿಚ್ಚಿದೆ. ಎರಡು ಗೆರೆ ಇವೆ, ಉಗುರಿಗೆ ತಾಗುತ್ತೆ. ರಿಂಗ್ ಅಲ್ಲಾಡುತ್ತೆ. ಫೋಟೊ ಸಂಜೆ ಹಾಕ್ತೀನಿ, ಕೈ ತುಂಬಾ ಎಣ್ಣೆ.