ಹತ್ತಿ ಇಟ್ಟ ಪಡಸಾಲೆಯಲ್ಲಿ ಸಣ್ಣ ಪತಂಗಗಳು: ಗುಲಾಬಿ ಕಾಯಿಕೊರಕವೇ?

ಕರಿಭೂಮಿ: ನಮ್ಮದು ದೇವದುರ್ಗ ತಾಲ್ಲೂಕು. ಪಡಸಾಲೆಯಲ್ಲಿ ಬಿಡಿಸಿದ ಹತ್ತಿಯ ರಾಶಿಯಿದೆ, ಪಕ್ಕದಲ್ಲೇ ಹಳೆಯ ಜೋಳದ ಚೀಲಗಳು. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಸಾಕು, ಅಕ್ಕಿಕಾಳಿಗಿಂತ ತುಸು ಉದ್ದದ ಪತಂಗಗಳು ಗೋಡೆಗೆ ಬಂದು ಕೂರುತ್ತವೆ. ಗುಲಾಬಿ ಬಣ್ಣ ಎಲ್ಲೂ ಇಲ್ಲ. ಇವು ಹತ್ತಿಕಾಯಿ ಕೊರೆಯುವ ಗುಲಾಬಿ ಕಾಯಿಕೊರಕದವೇ? ಔಷಧಿ ಅಂಗಡಿಯವರು ಹುಳುವನ್ನು ನೋಡದೆಯೇ ಡಬ್ಬಿ ತೆಗೆದರು.

ದೀಪದಹುಳು: ಅಣ್ಣ, ಡಬ್ಬಿ ಅಲ್ಲೇ ಇರಲಿ. ಗುಲಾಬಿ ಬಣ್ಣ ಬೆಳೆದ ಮರಿಹುಳುವಿನದು, ಪತಂಗದ್ದಲ್ಲ. ಪತಂಗ ಬೂದುಗಂದು, ಮುಂದಿನ ರೆಕ್ಕೆಯ ಮೇಲೆ ಮಸಿಬೆರಳು ಒರೆಸಿದಂತೆ ಕಪ್ಪು ಮಚ್ಚೆಗಳು, ಹಿಂದಿನ ರೆಕ್ಕೆ ಬೆಳ್ಳಿಬೂದು, ಅಂಚಿನಲ್ಲಿ ಉದ್ದನೆಯ ರೋಮಗಳ ಜಾಲರು. ರೆಕ್ಕೆ ಬಿಚ್ಚಿದರೂ ತುದಿಯಿಂದ ತುದಿಗೆ ಎರಡು ಸೆಂಟಿಮೀಟರ್ ದಾಟುವುದಿಲ್ಲ. ಹಗಲೆಲ್ಲ ಮಣ್ಣಿನ ಬಿರುಕಿನಲ್ಲಿ, ಕಸದಡಿಯಲ್ಲಿ ಅಡಗಿರುವುದರಿಂದ ಹೊಲದಲ್ಲಿ ಕಣ್ಣಿಗೆ ಬೀಳುವುದು ಅಪರೂಪ.

ನನಗೆ ಗುಮಾನಿ ಇರುವುದು ಜೋಳದ ಮೇಲೆ. ಕಾಳಿನ ಪತಂಗವೂ ಇದೇ ಕುಟುಂಬಕ್ಕೆ ಸೇರಿದ್ದು, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದರ ಬಣ್ಣ ತಿಳಿಹಳದಿ, ಹಿಂದಿನ ರೆಕ್ಕೆಯ ತುದಿ ಚೂಪಾಗಿ ಚಾಚಿರುತ್ತದೆ. ಜೋಳವನ್ನು ಮೊರಕ್ಕೆ ಸುರಿಯಿರಿ: ಕಾಳಿನಲ್ಲಿ ದುಂಡನೆಯ ತೂತಿದ್ದರೆ ಕಳ್ಳ ಸಿಕ್ಕಂತೆ. ಹತ್ತಿಯಲ್ಲಾದರೆ ಎರಡು ಬೀಜಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ; ಬಿಡಿಸಿದರೆ ನಡುವೆ ಗುಲಾಬಿ ಹುಳು ಮುದುಡಿ ಮಲಗಿರುತ್ತದೆ.

ಮಾನ್ವಿಯವಳು: ಅಕ್ಕ, ಕಾಯಿಕೊರಕ ತಡೆಯಲೆಂದು ವಂಶವಾಹಿ ಸೇರಿಸಿದ ಬಿಟಿ ಬೀಜದ ಜೊತೆಯೇ ಈ ಹುಳು ಹೊರದೇಶದಿಂದ ಬಂತು ಎನ್ನುತ್ತಾರಲ್ಲ?

ದೀಪದಹುಳು: ಕಟ್ಟೆಯ ಮೇಲಿನ ಮಾತು, ತಂಗಿ. ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಇಂಗ್ಲೆಂಡಿನ ಕೀಟತಜ್ಞ ಸಾಂಡರ್ಸ್ ಈ ಪತಂಗವನ್ನು ಮೊದಲು ವಿವರಿಸಿದ್ದು 1843ರಲ್ಲಿ, ಅದೂ ಗುಜರಾತಿನ ಭರೂಚ್‌ನಿಂದ ಹೋದ ಮಾದರಿ ನೋಡಿ. ಹೊರದೇಶಕ್ಕೆ ಅದು ದಾಟಿದ್ದು ಮುಖ್ಯವಾಗಿ ಬೀಜದೊಳಗೆ ಮಲಗಿಕೊಂಡು: ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈಜಿಪ್ಟ್, ಆಮೇಲೆ ಮೆಕ್ಸಿಕೊ, 1917ರಲ್ಲಿ ಟೆಕ್ಸಾಸ್. ಹತ್ತಿ ಬೆಳೆಯುವ ಬಹುತೇಕ ದೇಶಗಳನ್ನು ಈಗ ಮುಟ್ಟಿದೆ. ತನ್ನ ಹತ್ತಿ ಸೀಮೆಯಿಂದ ಇದು ನಿರ್ಮೂಲವಾಯಿತು ಎಂದು ಅಮೆರಿಕ 2018ರಲ್ಲಿ ಸಾರಿತು. ನಮ್ಮಲ್ಲಿ ಅದು ಬಿಟಿಯನ್ನೇ ಅರಗಿಸಿಕೊಂಡು ಕುಳಿತಿದೆ.

ಕರಿಭೂಮಿ: ಜೋಳದಲ್ಲಿ ತೂತುಗಳಿವೆ. ಹತ್ತಿಯಲ್ಲೂ ಜೋಡಿಬೀಜ ಸಿಕ್ಕವು! ದರ ಏರಲೆಂದು ಕಾಯುತ್ತಿದ್ದೇವೆ, ಇನ್ನೂ ಇಡಬಹುದೇ?

ದೀಪದಹುಳು: ನೀವು ಕಾದರೆ ಹುಳುವೂ ಕಾಯುತ್ತದೆ, ಅಣ್ಣ. ಬೀಜದೊಳಗೆ ತಿಂಗಳುಗಟ್ಟಲೆ ನಿದ್ದೆ ಮಾಡುವ ತಾಕತ್ತು ಅದಕ್ಕಿದೆ. ಮುಂಗಾರಿಗೆ ಮೊದಲೇ ಹತ್ತಿಯನ್ನು ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿಗೆ ಸಾಗಿಸಿ. ಒಲೆಗೆಂದು ಹೊಲದ ಬದುವಿನಲ್ಲಿ ಹತ್ತಿಕಟ್ಟಿಗೆ ಒಟ್ಟಿದ್ದರೆ ಅದನ್ನೂ ಮುಗಿಸಿ, ಒಣಗಿದ ಕಾಯಿಗಳಲ್ಲಿ ಹುಳು ಉಳಿದಿರುತ್ತದೆ. ಜೋಳಕ್ಕೆ ಸದ್ಯ ರಾಯಚೂರಿನ ಬಿಸಿಲೇ ಸಾಕು.