ಧರ್ಮರಾಯನ ಹಿಂದೆ ನಿಜವಾದ ನಾಯಿ ಬೇಕೇ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ಸ್ವರ್ಗಾರೋಹಣದ ದೃಶ್ಯಕ್ಕೆ ಮನೆಯ ನಾಯಿ ಕರಿಯನನ್ನೇ ಕರೆದೊಯ್ದಿದ್ದೆ. ವಾರವಿಡೀ ಧರ್ಮರಾಯನ ಹಿಂದೆ ನೆರಳಿನಂತೆ ನಡೆದ. ನಿನ್ನೆ ತಮಟೆ ಬಾರಿಸಿದ್ದೇ ತಡ, ಇಂದ್ರನ ರಥದ ಕೆಳಗೆ ನುಸುಳಿ ಕುಳಿತ. ಹೊರಗೆಳೆಯಲು ಅರ್ಧ ಪೊಟ್ಟಣ ಬಿಸ್ಕತ್ತು ಬೇಕಾಯಿತು. ಏನು ಮಾಡಲಿ?

ಉತ್ತರ 1: ಗುಬ್ಬಿ ವೀರಣ್ಣನವರ ನಾಟಕ ಕಂಪನಿಯವರು ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಒಂದು ನಾಯಿಗೆ ಇಷ್ಟು ಚಿಂತೆಯೇ?

ಉತ್ತರ 2: ಆ ಕಾಲ ಬೇರೆ, ಸ್ವಾಮಿ. ಟಿಕೆಟ್ ಇಟ್ಟು ಪ್ರಾಣಿಯಿಂದ ಪ್ರದರ್ಶನ ಮಾಡಿಸುವುದಾದರೆ 2001ರ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ನಿಮ್ಮದು ಟಿಕೆಟ್ ನಾಟಕವೇ?

ಉತ್ತರ 3: ನಾವು ಒಮ್ಮೆ ಆಡನ್ನು ರಂಗಕ್ಕೆ ಬಿಟ್ಟಿದ್ದೆವು. ಅದು ರಾಜನ ಹೂಮಾಲೆಯನ್ನು ಮೇಯತೊಡಗಿತು; ಸಂಭಾಷಣೆ ಯಾರಿಗೂ ಕೇಳಲಿಲ್ಲ. ಪ್ರೇಕ್ಷಕರು ಪ್ರಾಣಿಯನ್ನೇ ನೋಡುತ್ತಾರೆ, ನಟನನ್ನಲ್ಲ. ಒಬ್ಬ ಚುರುಕು ಹುಡುಗನಿಗೆ ಮುಖವಾಡ ಕೊಡಿ.

ಪ್ರಶ್ನೆ ಕೇಳಿದವರು: ಐವತ್ತು ರೂಪಾಯಿ ಟಿಕೆಟ್ ಇದೆ. ಮುಖವಾಡವೇ ಸರಿ. ಕರಿಯ ಈಗಲೂ ತಮಟೆಯ ಚೀಲ ಕಂಡರೆ ಮಂಚದಡಿ ಸೇರುತ್ತಾನೆ.